ನೂಲು ಕಟ್ಟುವ ಮೊದಲು

ಮನೆಯ ಇನ್ವರ್ಟರು ಮೂರನೆಯ ಸಲ ಕಿರುಚಿ ಬಾಯಿ ಮುಚ್ಚಿಕೊಂಡಾಗ, ಮೂಲೆಯಲ್ಲಿ ಅಳುತ್ತಿದ್ದ ಶಶಿಕಲಾ ಸೆರಗು ಸಿಕ್ಕಿಸಿ ಎದ್ದಳು. ಮುದ್ದಣ್ಣನವರ ಶವ ಮಲಗಿಸಿದ್ದ ತಂಪು ಪೆಟ್ಟಿಗೆಯ ಸದ್ದೂ ನಿಂತಿತು. ಬೆಳಗಿನ ಗಾಳಿಗೆ ಕಾಪುವಿನಲ್ಲಿ ಹೋದ ಕರೆಂಟು ಸಂಜೆಯವರೆಗೆ ಬರುವುದಿಲ್ಲವಂತೆ. ಮಸ್ಕತ್ತಿನಿಂದ ಹೊರಟ ಅವರ ಮಗಳು ಭವ್ಯಶ್ರೀ ಮನೆ ಮುಟ್ಟುವಾಗ ನಾಲ್ಕಾಗುತ್ತದೆ. ಈಗಿನ್ನೂ ಒಂದು ಗಂಟೆ.

ಮಲ್ಪೆಯಿಂದ ಮೀನಿನ ಐಸ್ ತರಿಸುವ ಎಂದರು ಯಾರೋ.

“ಇನ್ನು ಕಾಯುವುದು ಕಷ್ಟ ಉಂಟು ಶಶಿ. ಎರಡು ಗಂಟೆಗೆ ಚಟ್ಟ ಎತ್ತುವ,” ಎಂದ ಸತ್ತವರ ತಮ್ಮ ವಿಠಲ.

“ಅರ್ಧ ತಾಸು ಕೊಡ್ರಿ ವಿಠಲಣ್ಣ, ಸರಿ ಮಾಡ್ತೀನಿ. ಮಗಳು ಮುಖ ನೋಡ್ಬೇಕು.”

ಪೆಟ್ಟಿಗೆ ತಂದಿದ್ದ ಕಾರ್ಲ್ಟನ್, ಬ್ಯಾಟರಿ ಹೊಸತು, ವೈರೂ ಸರಿ ಉಂಟು ಎಂದು ಮೀಟರು ತೋರಿಸಿದ. ವೈರಿನ ತಡೆ ಪಾಯಿಂಟ್ ಮೂರು ಓಮ್. ಶಶಿಕಲಾ ಮೀಟರಿನ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿದಳು. ಆಗಲೂ ಪಾಯಿಂಟ್ ಮೂರೇ. ಪಾಪದ ಮೀಟರು, ತನ್ನ ವೈರನ್ನೇ ಅಳೆದು ಹೇಳುತ್ತಿತ್ತು.

*

ಇಪ್ಪತ್ತು ವರ್ಷದ ಹಿಂದೆ ಶಶಿಕಲಾ ಬಾಗಲಕೋಟೆ ಕಡೆಯಿಂದ ಬಂದು ಮಣಿಪಾಲದ ಕಟ್ಟಡಗಳಿಗೆ ಜಲ್ಲಿ ಹೊರುತ್ತಿದ್ದಳು. ಮುದ್ದಣ್ಣನವರ ಮೋಟರು ರಿವೈಂಡಿಂಗ್ ಅಂಗಡಿಗೆ ಕಸ ಗುಡಿಸಲು ಸೇರಿದವಳನ್ನು ಅವರು ತಿಂಗಳೊಳಗೆ ಮೇಜಿನ ಮುಂದೆ ಕೂರಿಸಿದರು. ಕಾರ್ಕಳದವರೆಗಿನ ಜನ, ಬೇರೆ ಮೆಕ್ಯಾನಿಕರು ಕೈಬಿಟ್ಟ ಪಂಪುಗಳನ್ನು ಹೊತ್ತು ತರುತ್ತಿದ್ದದ್ದು ಆ ಮೇಜಿಗೆ. ಮೇಜಿನ ಮೇಲಿದ್ದದ್ದು ಸಂತೆಯಲ್ಲಿ ಸಿಗುವಂಥ ಹಳದಿ ಮೀಟರು, ಬೈಕಿನ ಒಂದು ಹೆಡ್‌ಲೈಟ್ ಬಲ್ಬು, ಅಷ್ಟೇ. ಆದರೆ ಅವರ ತಲೆ ಎಂಥದು ಅಂತೀರಿ!

“ಇಷ್ಟು ಸಣ್ಣ ತಡೆಯನ್ನು ನೇರ ಕೇಳಿದರೆ ಈ ಮೀಟರು ಹೇಳಲಾರದು,” ಎನ್ನುತ್ತಿದ್ದರು. “ಬಲ್ಬು ಉರಿಸಿ ವೈರಿನಲ್ಲಿ ಕರೆಂಟು ಹರಿಸು. ಹರಿಯುವಾಗ ವೋಲ್ಟು ಎಲ್ಲಿ ಕಳೆದುಹೋಗ್ತದೆ ನೋಡು. ಕಳ್ಳ ಅಲ್ಲೇ ಕೂತಿರ್ತಾನೆ.”

ಅಳೆದು ಸರಿ ಕಂಡದ್ದಕ್ಕೆ ಕೆಂಪು ನೂಲು ಕಟ್ಟುವುದು ಅವರ ಪದ್ಧತಿ. ನೂಲುಂಡೆ ಸದಾ ಅಂಗಿಯ ಜೇಬಿನಲ್ಲಿ.

“ಅಳೆಯದೆ ಕಟ್ಟಬೇಡ ಮಾರಾಯ್ತಿ. ಇದನ್ನು ನಂಬಿ ಜನ ಕೈ ಇಡ್ತಾರೆ.”

*

ಶಶಿಕಲಾ ಬ್ಯಾಟರಿಯ ವೈರುಗಳಿಂದ ಇನ್ವರ್ಟರನ್ನು ಬಿಚ್ಚಿ, ಅದರ ಜಾಗದಲ್ಲಿ ಬಲ್ಬು ಸಿಕ್ಕಿಸಿದಳು. ಬಲ್ಬು ಹತ್ತಿತು. ಕಪ್ಪು ವೈರಿನ ಒಂದು ತುದಿಯ ಲಗ್ಗಿನಲ್ಲಿ, ಅಂದರೆ ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಬಳೆಯಲ್ಲಿ, ಕಳೆದದ್ದು ಎರಡು ಮಿಲಿವೋಲ್ಟು, ಇನ್ನೊಂದರಲ್ಲಿ ಮೂರು. ಕೆಂಪು ವೈರಿನ ಒಂದು ತುದಿಯಲ್ಲಿ ನೂರ ಮೂವತ್ತು. ಬಲ್ಬಿಗೇ ಇಷ್ಟು ನುಂಗುವ ಲಗ್ಗು ಅಷ್ಟು ದೊಡ್ಡ ಪೆಟ್ಟಿಗೆಗೆ ಎಷ್ಟು ನುಂಗಬೇಡ!

ಆ ಲಗ್ಗಿನ ಕುತ್ತಿಗೆಯಲ್ಲಿ ಕೆಂಪು ನೂಲಿತ್ತು.

ಮುದ್ದಣ್ಣನವರು ಉಡುಪಿಯ ಆಸ್ಪತ್ರೆ ಸೇರಿದ ಮರುದಿನ ಈ ವೈರು ಹಾಕಿದವಳು ಅವಳೇ. ಗಂಜಿ ಒಯ್ಯುವ ಅವಸರದಲ್ಲಿ ತುದಿಯ ಹಸಿರು ಕಿಲುಬನ್ನು ಕೆರೆಯಲಿಲ್ಲ, ಅಳೆಯಲೂ ಇಲ್ಲ. ನೂಲು ಮಾತ್ರ ಕಟ್ಟಿದ್ದಳು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ತಪ್ಪು ನಂದು ವಿಠಲಣ್ಣ. ಅಳೀದೆ ನಾನೇ ನೂಲು ಕಟ್ಟಿದ್ದೆ.”

ವಿಠಲ ಅವಳನ್ನೇ ನೋಡಿದ. ಆಮೇಲೆ ಕುಕ್ಕುರುಗಾಲಲ್ಲಿ ಕೂತು ವೈರು ಹಿಡಿದುಕೊಂಡ.

“ಈಗ ಅಳೆ,” ಎಂದ.

ಅವಳು ತುದಿ ಕತ್ತರಿಸಿ, ತಾಮ್ರ ಹೊಳೆಯುವವರೆಗೆ ಕೆರೆದು, ಹೊಸ ಲಗ್ಗು ಒತ್ತಿ ಕೂರಿಸಿದಳು. ಎರಡು ಮಿಲಿವೋಲ್ಟು. ಇನ್ವರ್ಟರು ಈ ಸಲ ಕಿರುಚಲಿಲ್ಲ, ಪೆಟ್ಟಿಗೆ ಗುಂಯ್ಯೆಂದಿತು.

ಭವ್ಯಶ್ರೀ ಬಂದಾಗ ನಾಲ್ಕೂ ಕಾಲು. ಮುಚ್ಚಳ ತೆಗೆಸಿ ಅಪ್ಪನ ಹಣೆಯ ಮೇಲೆ ಕೈಯಿಟ್ಟಳು.

“ನಿದ್ರೆ ಮಾಡಿದ ಹಾಗೇ ಇದ್ದಾರೆ ಶಶಿಯಕ್ಕ,” ಎಂದು ಅವಳ ಹೆಗಲಿಗೆ ಒರಗಿದಳು. ಶಶಿಕಲಾಗೆ ಆಗ ದುಃಖ ತಡೆಯಲಾಗಲಿಲ್ಲ.

ಚಟ್ಟ ಅಂಗಳ ದಾಟಿತು. ಹೆಂಗಸರು ಮನೆ ತೊಳೆಯತೊಡಗಿದರು. ಶಶಿಕಲಾ ಮತ್ತೆ ಬಲ್ಬು ಸಿಕ್ಕಿಸಿ ಅಳೆದಳು. ಎರಡು. ಇನ್ನೊಮ್ಮೆ ಅಳೆದಳು. ಎರಡೇ.

ಮನೆಗೆ ತಾಗಿದ ಅಂಗಡಿಯ ಮೊಳೆಯಲ್ಲಿ ಮುದ್ದಣ್ಣನವರ ಅಂಗಿ ನೇತಾಡುತ್ತಿತ್ತು. ಜೇಬಿನಿಂದ ಉಂಡೆ ತೆಗೆದು, ಒಂದು ಗೇಣು ನೂಲು ಹರಿದು, ಹೊಸ ಲಗ್ಗಿನ ಕುತ್ತಿಗೆಗೆ ಎರಡು ಗಂಟು ಹಾಕಿದಳು.