ಟೈಲರನ ಸಕ್ಕರೆ, ಹೆಂಡತಿಯ ಹೊಲಿಗೆ

ರಕ್ತಪರೀಕ್ಷೆಯ ವರದಿಯಲ್ಲಿ ಎರಡು ಅಂಕಿಗಳ ಪಕ್ಕ 'ಹೆಚ್ಚು' ಎಂಬ ಗುರುತಿನ ಚುಕ್ಕಿ ಕಂಡದ್ದೇ ತಡ, ಟೈಲರ್ ತನ್ನ ಕಥೆ ಮುಗಿಯಿತು ಎಂದುಕೊಂಡ. ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಹೋಗಿದ್ದನೇ ಹೊರತು ಅವನಿಗೆ ನೆಗಡಿಯೂ ಇರಲಿಲ್ಲ. ಕತ್ತರಿಸಲು ಹಾಸಿದ್ದ ಬಟ್ಟೆಯನ್ನು ಮೆಲ್ಲಗೆ ಮಡಿಸಿಟ್ಟ. ಪಕ್ಕದ ಮಿಷನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದ ಹೆಂಡತಿಯತ್ತ ತಿರುಗಿ, "ನನ್ನ ದೊಡ್ಡ ಕತ್ತರಿ ನಿನ್ನ ತಮ್ಮನಿಗೆ ಮಾತ್ರ ಕೊಡಬೇಡ ಕಣೇ. ಅವನು ಅದರಲ್ಲಿ ರಟ್ಟು ಕತ್ತರಿಸ್ತಾನೆ," ಎಂದ.

ಹೆಂಡತಿ ಮಿಷನ್ ನಿಲ್ಲಿಸಲಿಲ್ಲ. "ಯಾಕೆ, ನೀವೆಲ್ಲಿಗೆ ಹೊರಟ್ರಿ?"

ಅವನು ವರದಿಯನ್ನು ಮುಂದೆ ಹಿಡಿದ. ಅವಳು ನೋಡಿದಳು. ಆಮೇಲೆ ಕಾಲರನ್ನು ಅಲ್ಲೇ ಬಿಟ್ಟು, ಅವನ ರಟ್ಟೆ ಹಿಡಿದು ಕ್ಲಿನಿಕ್ಕಿಗೆ ಕರೆದೊಯ್ದಳು.

"ಖಾಲಿ ಹೊಟ್ಟೇಲಿ ರಕ್ತ ಕೊಟ್ರಾ?" ಡಾಕ್ಟರಮ್ಮ ಕೇಳಿದರು.

"ಪೂರ್ತಿ ಖಾಲಿ, ಡಾಕ್ಟ್ರೇ. ದಾರೀಲಿ ಒಂದು ಚಹಾ ಕುಡಿದೆ, ಅಷ್ಟೇ."

"ಜೊತೆಗೆ?"

ಟೈಲರ್ ಫ್ಯಾನು ತಿರುಗುವುದನ್ನು ನೋಡತೊಡಗಿದ.

"ಬನ್ನು," ಎಂದಳು ಹೆಂಡತಿ. "ಅಂಗಿ ಮೇಲೆ ಚೂರು ಬಿದ್ದಿತ್ತು."

ಡಾಕ್ಟರಮ್ಮ ನಗು ತಡೆದುಕೊಂಡು ಇನ್ನೊಮ್ಮೆ ರಕ್ತ ಕೊಡಲು ಹೇಳಿದರು. ಮರುದಿನ ಹೆಂಡತಿ ಕ್ಲಿನಿಕ್ಕಿನ ಬಾಗಿಲವರೆಗೂ ಕಾವಲು ಬಂದಳು. ಈ ಸಲ ಅಂಕಿಗಳು ಇಳಿದಿದ್ದವು, ಆದರೆ ಇರಬೇಕಾದ ಗೆರೆಯ ಒಳಗೆ ಬಂದಿರಲಿಲ್ಲ.

"ಇದು ಕಾಯಿಲೆ ಅಲ್ಲ," ಎಂದರು ಡಾಕ್ಟರಮ್ಮ. "ಸಕ್ಕರೆ, ಕೊಬ್ಬು ಎರಡೂ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿವೆ. ಈಗಲೇ ಮಾತ್ರೆ ಬೇಡ. ಊಟ ಆದ್ಮೇಲೆ ನಡೀರಿ, ಸಿಹಿ ಕಡಿಮೆ ಮಾಡಿ, ತಟ್ಟೇಲಿ ತರಕಾರಿ ಜಾಸ್ತಿ ಇರಲಿ, ದಿನವಿಡೀ ಕೂತೇ ಇರಬೇಡಿ. ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ. ಬಿಟ್ಟುಬಿಟ್ರೆ ಮಾತ್ರ ಇದೇ ಮುಂದೆ ಕಾಯಿಲೆ ಆಗಬಹುದು."

ಟೈಲರನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಅಂಗಡಿಗೆ ಬಂದವನೇ ಎದುರಿನ ಬೇಕರಿಗೆ ನುಗ್ಗಿ, ಬದುಕಿ ಬಂದ ಖುಷಿಗೆ ಕೇಕು ತಿಂದ. ಹೆಂಡತಿ ಹೇಳಿದಳು, ಗದರಿಸಿದಳು, ಮಾತು ಬಿಟ್ಟಳು. ಅವನು ಜಪ್ಪಯ್ಯ ಅನ್ನಲಿಲ್ಲ.

ಆಗ ಅವಳಿಗೊಂದು ಉಪಾಯ ಹೊಳೆಯಿತು. ಇಸ್ತ್ರಿಗೆ ತೆಗೆದುಕೊಂಡ ಗಂಡನ ಪ್ಯಾಂಟುಗಳ ಸೊಂಟವನ್ನು ಬಿಚ್ಚಿ, ಕೂದಲೆಳೆಯಷ್ಟು ಒಳಗೆ ಹಿಡಿದು ಮತ್ತೆ ಹೊಲಿದಳು. ಮುಂದಿನ ಇಸ್ತ್ರಿಗೆ ಇನ್ನೊಂದಿಷ್ಟು.

"ಬಟ್ಟೆ ಕುಗ್ಗಿದೆ," ಎಂದ ಟೈಲರ್ ಮೊದಲ ಸಲ.

"ಬಟ್ಟೆ ಕುಗ್ಗಿದ್ದೋ, ನೀವು ಹಿಗ್ಗಿದ್ದೋ," ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತ.

ಊರವರ ಪ್ಯಾಂಟು ಸರಿಮಾಡುವವನ ಪ್ಯಾಂಟಿಗೇ ಗುಂಡಿ ಕೂಡದಿದ್ದರೆ ಮುಖವೆಲ್ಲಿಡುವುದು? ಅಳತೆ ಕೊಡಲು ಬಂದವರ ಮುಂದೆ ಅವನು ಉಸಿರು ಬಿಗಿಹಿಡಿದು ನಿಲ್ಲತೊಡಗಿದ. ಬೇಕರಿಗೆ ಬೆನ್ನಾಗುವಂತೆ ಮಿಷನ್ ತಿರುಗಿಸಿಟ್ಟ. ಚಹಾದ ಸಕ್ಕರೆ ಅರ್ಧವಾಗಿ, ಆಮೇಲೆ ನಿಂತೇಹೋಯಿತು. ಊಟವಾದೊಡನೆ ಬೀದಿಯ ತುದಿಯ ತನಕ ನಡೆದು ಬರುವುದು ರೂಢಿಯಾಯಿತು. ಮೈ ಹಗುರವಾಗಿದೆ ಅನ್ನಿಸುತ್ತಿತ್ತು, ಪ್ಯಾಂಟು ಮಾತ್ರ ಬಿಗಿಯುತ್ತಲೇ ಇತ್ತು.

ಒಂದು ದಿನ ತಲೆಕೆಟ್ಟು ಪ್ಯಾಂಟನ್ನು ಒಳಹೊರಗು ಮಾಡಿ ಬೆಳಕಿಗೆ ಹಿಡಿದ. ಹೊಸ ದಾರ. ಕೊನೆಯಲ್ಲಿ ಒಂದರ ಮೇಲೊಂದು ಗಂಟು. ಹಾಗೆ ಗಂಟು ಹಾಕುವವಳು ಆ ಬೀದಿಯಲ್ಲಿ ಒಬ್ಬಳೇ. ಒಂದು ಗಳಿಗೆ ಅವನ ಕಿವಿ ಕೆಂಪಾಯಿತು. ಆಮೇಲೆ ಮೀಸೆಯಡಿ ನಗು ಬಂತು. ಹೆಂಡತಿ ಮಾರುಕಟ್ಟೆಗೆ ಹೋದ ಹೊತ್ತಿನಲ್ಲಿ ಅವಳು ಹಿಡಿದದ್ದನ್ನೆಲ್ಲ ಬಿಚ್ಚಿ, ಅದರ ಮೇಲೆ ಇನ್ನಷ್ಟು ಸಡಿಲಿಸಿ ಹೊಲಿದ.

"ನೋಡೇ, ನಿಲ್ತಾನೇ ಇಲ್ಲ," ಎಂದ ಬೆಳಿಗ್ಗೆ, ಪ್ಯಾಂಟಿನ ಸೊಂಟವನ್ನು ಮುಷ್ಟಿಯಲ್ಲಿ ಹಿಡಿದು.

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಕದ್ದು ಮತ್ತೆ ಬಿಗಿ ಮಾಡಿದಳು. ಮತ್ತೆ ಸಡಿಲವಾಯಿತು. ಕೇಳೋಣವೆಂದರೆ ತನ್ನ ಗುಟ್ಟೇ ರಟ್ಟಾಗುತ್ತದೆ. ಗಂಡ ಬೇರೆ ಆಗಾಗ ಕನ್ನಡಿ ಮುಂದೆ ನಿಂತು, "ಕರಗಿಹೋಗ್ತಿದೀನಿ," ಎಂದು ನಿಟ್ಟುಸಿರು ಬಿಡುತ್ತಿದ್ದ. ಅವಳಿಗೆ ಅನ್ನ ಸೇರದಾಯಿತು. ಕಡೆಗೆ ಡಾಕ್ಟರಮ್ಮನ ಮುಂದೆ ಅವನನ್ನು ಕೂರಿಸಿ, "ಏನೋ ಒಳಗಿಂದ ತಿಂತಾ ಇದೆ ಇವರನ್ನ. ನೋಡಿ ಡಾಕ್ಟ್ರೇ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವಳು ಅಳುವಳೆಂದು ಟೈಲರ್ ಎಣಿಸಿರಲಿಲ್ಲ.

ತೂಕ ನೋಡಿದರು. ತುಸು ಇಳಿದಿತ್ತು, ಗಾಬರಿಯಾಗುವಷ್ಟಲ್ಲ. ರಕ್ತ ತೆಗೆದು ನೋಡಿದರೆ ಸಕ್ಕರೆ ಗೆರೆಯೊಳಗೆ ಬಂದಿತ್ತು, ಕೊಬ್ಬು ಹೊಸ್ತಿಲಲ್ಲಿ ನಿಂತಿತ್ತು.

"ತುಂಬಾ ಚೆನ್ನಾಗಿದೆ, ಹೀಗೇ ಮುಂದುವರಿಸಿ," ಎಂದರು ಡಾಕ್ಟರಮ್ಮ.

"ಹಾಗಾದ್ರೆ ಪ್ಯಾಂಟು?" ಎಂದಳು ಹೆಂಡತಿ.

ಟೈಲರ್ ನೆಲ ನೋಡಿದ. "ನಾನೇ ಬಿಚ್ಚಿ ಹೊಲಿದದ್ದು. ನೀನು ಬಿಗಿ ಮಾಡ್ತಿದ್ದೆಯಲ್ಲ, ಅದಕ್ಕೆ."

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, ಕನ್ನಡಕ ತೆಗೆದು ಮನಸಾರೆ ನಕ್ಕರು. ಹೆಂಡತಿ ನಗಲಿಲ್ಲ. ಅವನಿಗೆ ಕಾಯದೆ ಎದ್ದು ಹೊರಟಳು.

ಸಂಜೆ ಊಟ ಮುಗಿಸಿ ಅವನು ನಡೆಯಲು ಹೊರಟಾಗ ಅವಳೂ ಚಪ್ಪಲಿ ಮೆಟ್ಟಿ ಬಂದಳು. ಬಂದವಳು ಬೇಕೆಂದೇ ಬಿರಬಿರನೆ ಹೆಜ್ಜೆ ಹಾಕಿದಳು. ಅವನು ಏದುಸಿರು ಬಿಡುತ್ತ ಹಿಂದೆ ಓಡಿದ.

"ಸ್ವಲ್ಪ ನಿಲ್ಲೇ. ತಪ್ಪಾಯ್ತು ಅಂದ್ನಲ್ಲ."

"ಇನ್ನೂ ಅಂದಿಲ್ಲ," ಎಂದಳು ಅವಳು, ತಿರುಗದೆ. ದನಿಯಲ್ಲಿ ಮುನಿಸು ಕರಗಿತ್ತು, ಕಾಲಿನ ವೇಗ ಮಾತ್ರ ಇಳಿಯಲಿಲ್ಲ.