ಮೊದಲನೇ ಸಾಲಿನ ಬೆಂಚು

ನಮ್ಮ ಯಜಮಾನರು ಬಡಗಿ. ಪ್ರಾರ್ಥನಾ ಮಂದಿರದ ಮೊದಲನೇ ಬೆಂಚು ಅವರಿಗೇ ಮೀಸಲು ಅನ್ನುವ ಹಾಗಿತ್ತು. ಮೀಸಲೇನಲ್ಲ, ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ ಅಷ್ಟೆ. ಮುಂದೆ ಕೂತು ಆಕಳಿಸಿದರೆ ಗುರುಗಳ ಕಣ್ಣಿಗೆ ಬೀಳುತ್ತೇವೆಂದು ನಮ್ಮ ಭಕ್ತರೆಲ್ಲ ಹಿಂದಿನಿಂದ ತುಂಬಿಕೊಂಡು ಬರುತ್ತಾರೆ. ದೇವರಿಂದ ಎಲ್ಲವೂ ಬೇಕು, ಅವನ ಎದುರಿಗೆ ಕೂರುವುದು ಮಾತ್ರ ಬೇಡ. ನಾನೂ ಹಿಂದೆಯೇ. ಆದರೆ ನನಗೆ ಕಾರಣವಿತ್ತು. ಸೊಂಟದ ಆಪರೇಷನ್ ಆದ ಮೇಲೆ ನಮ್ಮತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು, ನಾನು ಅವರ ಜೊತೆಗೆ.

ಹಳೇ ಬೆಂಚುಗಳು ಲಡ್ಡಾಗಿದ್ದವು. ಎಲ್ಲರೂ ಸೇರಿ ಒಳ್ಳೇ ಮರ ಆರಿಸಿ ತಂದುಕೊಟ್ಟರು. ಇವರು ಕೂಲಿ ಬೇಡವೆಂದು ಹೊಸ ಬೆಂಚು ಮಾಡಿಕೊಟ್ಟರು. ಪಾಲಿಶ್ ಹೊಡೆದ ಬೆಂಚುಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಆದರೆ ಮೊದಲ ಪ್ರಾರ್ಥನೆಯ ದಿನ ನಮ್ಮ ಮಹಾರಾಯರು ಮೂರನೇ ಸಾಲಿನಲ್ಲಿ ಕೂತರು. ಮುಂದಿನ ವಾರ ಕಂಬದ ಮರೆಗೆ ಸರಿದರು. ಆಮೇಲೆ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ.

ಜನ ಅದಕ್ಕೆ ವಿನಯ ಅಂತ ಹೆಸರಿಟ್ಟರು.

"ಅಷ್ಟೊಂದು ಕೆಲಸ ಮಾಡಿಕೊಟ್ಟು ಹೇಗೆ ಹಿಂದೆ ಕೂತಿದ್ದಾರೆ ನೋಡಿ. ಏನು ಪುಣ್ಯ ಮಾಡಿದ್ರೋ ಅಕ್ಕ, ಇಂಥ ಗಂಡ ಸಿಗೋಕೆ," ಅಂದ ಪಕ್ಕದ ಮನೆ ದರ್ಜಿ. ಅತಿ ವಿನಯ ಧೂರ್ತ ಲಕ್ಷಣ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಗಂಡನನ್ನು ಹೊಗಳುವಾಗ ಯಾವ ಹೆಂಗಸು ಅಡ್ಡಬಾಯಿ ಹಾಕುತ್ತಾಳೆ?

ಆ ತಿಂಗಳು ಮಂದಿರ ಗುಡಿಸುವ ಸರದಿ ನನ್ನದು. ಮೊದಲನೇ ಬೆಂಚಿನ ಕೆಳಗೆ ಹಿಟ್ಟಿನಂಥ ಸಣ್ಣ ಪುಡಿ ಬಿದ್ದಿತ್ತು. ಗುಡಿಸಿದೆ. ಮಾರನೇ ದಿನ ಮತ್ತೆ ಬಿದ್ದಿತ್ತು. ಬಡಗಿ ಹೆಂಡತಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಗ್ಗಿ, ಕೂರುವ ಹಲಗೆಯ ಅಡಿಯನ್ನು ಬೆರಳಿನಿಂದ ಒತ್ತಿದೆ, ಬೆರಳು ಒಳಗೇ ಹೋಯಿತು. ಹುಳ ತಿಂದ ಹಲಗೆಯ ತೂತುಗಳಿಗೆ ಮರದ ಹೊಟ್ಟು, ಗೋಂದು ಮೆತ್ತಿ ಮೇಲೆ ಪಾಲಿಶ್ ಎಳೆದಿದ್ದರು. ಹಾಗಾದರೆ ಅಲ್ಲಿಗೆಂದು ತಂದ ಅಗಲದ ಹಲಗೆ ಎಲ್ಲಿ ಹೋಯಿತು? ಮನೆಗೆ ಬಂದು ನಮ್ಮ ಹೊಸ ಊಟದ ಮೇಜು ನೋಡಿದೆ. ಉತ್ತರ ಅಲ್ಲಿತ್ತು.

"ಏನ್ರೀ ಇದು?"

"ಮೇಜು ಬೇಕು, ಮೇಜು ಬೇಕು ಅಂತ ಪ್ರಾಣ ತಿಂದಿದ್ದು ನೀನೇ ಅಲ್ವಾ?"

"ನಾನು ಮೇಜು ಕೇಳಿದ್ದೆ. ದೇವರದ್ದು ಕೇಳಿರಲಿಲ್ಲ."

"ಅಲ್ಲಿ ಯಾರು ಕೂರ್ತಾರೆ ಹೇಳು? ನಾನೊಬ್ಬನೇ ತಾನೆ? ನಾನು ಹಿಂದೆ ಕೂತರೆ ಮುಗೀತು."

ನೋಡಿ, ಇದು ನಮ್ಮ ಯಜಮಾನರ ಲೆಕ್ಕಾಚಾರ. ಬೆಂಚು ಸರಿಮಾಡುವ ಬದಲು ದೇವರಿಂದ ದೂರ ಹೋಗುವುದು ಸುಲಭ ಅನ್ನಿಸಿತ್ತು. ನನಗೆ ಮೈ ಉರಿಯಿತು. ನೀವು ಹೇಳುತ್ತೀರೋ ನಾನೇ ಹೇಳಲೋ ಎಂದೆ. ಮುಂದಿನ ವಾರ ಯಾರಿಗೂ ತಿಳಿಯದ ಹಾಗೆ ಹಲಗೆ ಬದಲಿಸುತ್ತೇನೆ ಎಂದರು. ಆ ಮುಂದಿನ ವಾರ ಬರಲೇ ಇಲ್ಲ. ಅಷ್ಟರಲ್ಲಿ ಊಟ ಮಾತ್ರ ನೆಲದ ಮೇಲೆ ಶುರುವಾಯಿತು, ಆ ಮೇಜಿನ ಮೇಲೆ ನಾನು ತಟ್ಟೆ ಇಡಲಿಲ್ಲ.

ಹೀಗಿರುವಾಗ ಒಂದು ಪ್ರಾರ್ಥನೆಯ ದಿನ ಗುರುಗಳು, "ಕೆಲವರು ಮೇಲೆ ಥಳಕು, ಒಳಗೆ ಹುಳುಕು," ಎಂದು ಉಪದೇಶ ಶುರುಮಾಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಇವರು ಕೂತಲ್ಲೇ ಬೆವೆತರು. ಗುರುಗಳು ಹೇಳಿದ್ದು ಬೇರೆಯವರಿಗೆ. "ಆದರೆ ನಮ್ಮ ಬಡಗಿಯನ್ನ ನೋಡಿ. ಕರೆದರೂ ಮುಂದೆ ಬರಲ್ಲ. ಹೋಗಲಿ, ಇಂಥ ಮಗನನ್ನ ಹೆತ್ತ ತಾಯಿ ಇವತ್ತು ಮೊದಲನೇ ಬೆಂಚಲ್ಲಿ ಕೂರಲಿ."

ಇಬ್ಬರು ಬಂದು ನಮ್ಮತ್ತೆಯ ಕೈ ಹಿಡಿದು ಎಬ್ಬಿಸಿದರು. ಇನ್ನೊಂದು ಸಲ ಬಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆ ಮುದುಕಿ ಮಗನ ಹೆಮ್ಮೆಯಲ್ಲಿ ಸೊಂಟ ನೆಟ್ಟಗೆ ಮಾಡಿಕೊಂಡು ಹೊರಟಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಎದ್ದು ಓಡಿದರು.

"ಅಮ್ಮ, ಅಲ್ಲಿ ಕೂರಬೇಡ."

ಗುರುಗಳು ನಕ್ಕರು. "ನೋಡಿದ್ರಾ, ತಾಯಿಗೂ ದೊಡ್ಡಸ್ತಿಕೆ ಬೇಡ ಅಂತಾನೆ." ಜನ ತಲೆದೂಗಿದರು.

"ಸುಮ್ನಿರೋ. ಒಂದಿನ ಕೂತ್ರೆ ದೇವರೇನು ಎಬ್ಬಿಸಿ ಕಳಿಸಲ್ಲ," ಎಂದು ನಮ್ಮತ್ತೆ ಬೆಂಚಿಗೆ ಬೆನ್ನು ಮಾಡಿದರು. ಇವರು ಅಮ್ಮನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ತಾವೇ ದಢಕ್ಕನೆ ಕೂತರು. ಹಲಗೆ ಲಟ್ಟನೆ ಮುರಿಯಿತು. ಪುಡಿ ಎದ್ದಿತು. ನಮ್ಮ ಯಜಮಾನರು ದೇವರ ಎದುರಿಗೆ ನೆಲದ ಮೇಲೆ ಬಿದ್ದಿದ್ದರು.

"ಮರದಂಗಡಿಯವನು ಮೋಸ ಮಾಡಿದಾನೆ," ಅಂದ ದರ್ಜಿ. ಹೌದು ಹೌದು ಅಂದರು ಎಲ್ಲರೂ. "ಪಾಪ, ಇವನೇನು ಮಾಡ್ತಾನೆ," ಅಂದರು ಗುರುಗಳು. ತಪ್ಪಿಸಿಕೊಳ್ಳಲು ಅಷ್ಟಗಲ ಬಾಗಿಲು ತೆರೆದುಕೊಟ್ಟಿದ್ದರು. ಇವರು ನನ್ನ ಮುಖ ನೋಡಿದರು. ನಾನು ಅವರ ಮೇಲಿಂದ ಕಣ್ಣು ಕೀಳಲಿಲ್ಲ.

"ಅಂಗಡಿಯವನು ಕೊಟ್ಟಿದ್ದು ಒಳ್ಳೇ ಮರಾನೇ. ಅದು ನಮ್ಮನೇಲಿ ಮೇಜಾಗಿದೆ," ಎಂದರು ಕೂತಲ್ಲಿಂದಲೇ. "ಇದು ಹುಳ ಹಿಡಿದಿದ್ದು. ಗೊತ್ತಿದ್ದೇ ಹಾಕಿದೆ."

ನಮ್ಮತ್ತೆ ಮಗನ ತಲೆಗೆ ಒಂದು ಮೊಟಕಿ, ಅದೇ ಕೈಯಿಂದ ಅವರ ಬೆನ್ನಿನ ಪುಡಿ ಕೊಡವಿದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಮೇಜು ಕಳಚಿ ಬೆಂಚಿಗೆ ಅದರದೇ ಹಲಗೆ ಹಾಕಿಯಾಯಿತು. ಈಗ ಪ್ರತಿ ವಾರ ಇವರು ಮೊದಲಿನಂತೆ ಮೊದಲನೇ ಸಾಲಿನಲ್ಲೇ ಕೂರುತ್ತಾರೆ. "ಮಾಡೋದೆಲ್ಲ ಮಾಡಿ ಎಷ್ಟು ಧೈರ್ಯ ನೋಡಿ, ದೇವರ ಮುಂದೇನೇ ಕೂರ್ತಾನೆ," ಎನ್ನುತ್ತಾನೆ ದರ್ಜಿ, ಬಾಗಿಲ ಹತ್ತಿರದಿಂದ. ಗುರುಗಳೂ ಉಪದೇಶದಲ್ಲಿ ವಿನಯದ ಮಾತೆತ್ತುವುದನ್ನು ಬಿಟ್ಟಿದ್ದಾರೆ. ಐದು ಜನ ಕೂರುವ ಬೆಂಚಿನಲ್ಲಿ ಇವರು, ನಮ್ಮತ್ತೆ, ನಾನು ಮೂವರೇ. ಬೇರೆ ಯಾರೂ ಹತ್ತಿರ ಬರುವುದಿಲ್ಲ. ನಮ್ಮತ್ತೆಗೆ ಕಾಲು ನೀಡಿಕೊಂಡು ಕೂರಲು ಬೇಕಾದಷ್ಟು ಜಾಗ ಇದೆ.