ಶೀತ ಹಿಡಿದ ಕಾರು

ಹೆಂಡತಿ ಕೀಲಿ ತಿರುಗಿಸಿದಾಗಲೆಲ್ಲ ಇಂಜಿನ್ ಗರಗರನೆ ಸುತ್ತುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಒಳಗೆ ಕುರ್ಚಿಯಲ್ಲಿ ಕೂತವನಿಗೆ ಕೇಳಿಸುತ್ತಿತ್ತು. ಬ್ಯಾಟರಿ ಸೋತಿದ್ದರೆ ಆ ಸದ್ದೇ ಎಳೆದೆಳೆದು ಬರಬೇಕಿತ್ತು. ಇದು ಇಂಜಿನ್ನಿಗೆ ಕಿಡಿ ಒಯ್ಯುವ ಪ್ಲಗ್ ವಯರುಗಳ ಕೆಲಸ. ರಾತ್ರಿಯ ಮಳೆಗೆ ಅವುಗಳ ಬಿರುಕಿನಲ್ಲಿ ತೇವ ಸೇರಿ ಕಿಡಿ ದಾರಿಯಲ್ಲೇ ಸೋರಿಹೋಗುತ್ತಿದೆ. ಮೂವತ್ತು ವರ್ಷ ಕಾರು ರಿಪೇರಿ ಮಾಡಿದ ಕಿವಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ?

ಗೊತ್ತಿತ್ತು, ಹೇಳಲಾಗುತ್ತಿರಲಿಲ್ಲ. ಏಳು ತಿಂಗಳ ಹಿಂದೆ ಬಲಗಡೆಗೆ ಲಕ್ವಾ ಹೊಡೆದಾಗ ಮಾತೂ ಹೋಗಿತ್ತು. ಏನು ಹೇಳಹೊರಟರೂ ಬಾಯಿಗೆ ಬರುತ್ತಿದ್ದದ್ದು ಒಂದೇ ಪದ.

"ಬಾಗಿಲು," ಎಂದ.

"ತೆಗ್ದೇ ಇದೆಯಲ್ರೀ," ಎಂದಳು ಹೆಂಡತಿ, ಕೀಲಿಯನ್ನು ಮೇಜಿನ ಮೇಲೆ ಎಸೆದು. "ಇನ್ನೊಂದು ದಿನ ತಪ್ಪಿಸಿದ್ರೆ ಕಾರ್ಖಾನೆಗೆ ಬರೋದೇ ಬೇಡ ಅಂದಿದ್ದಾರೆ."

ಮೆಕ್ಯಾನಿಕ್ ಬರುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಒಂದು ಕಾಲದಲ್ಲಿ ಇವನ ಕೈಕೆಳಗೆ ಕೆಲಸ ಕಲಿತವನು. ಅವನು ಕೀಲಿ ಮುಟ್ಟಿದ್ದೇ ತಡ, ಕಾರು ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

"ನನ್ನ ಕಂಡ್ರೆ ಇದಕ್ಕೆ ಭಯ ಅಕ್ಕ," ಎಂದು ನಕ್ಕ. "ಬ್ಯಾಟರಿ ಬದಲಾಯಿಸಿದ್ದಾಯ್ತು, ಸ್ಟಾರ್ಟರ್ ಮೋಟಾರೂ ಆಯ್ತು. ಮಾರಿಬಿಡಿ, ಸುಮ್ನೆ ತಲೆನೋವು."

"ಮಾರಿ ಹೇಗೆ ಹೋಗ್ಲಿ? ಆ ಕಡೆ ಬಸ್ಸೇ ಇಲ್ಲ."

ಕಾರು ಕೈಕೊಟ್ಟ ದಿನ ಅವಳು ಗೊಣಗಿಕೊಂಡೇ ಮನೆಯಲ್ಲಿ ಉಳಿಯುತ್ತಿದ್ದಳು. ಇವನ ಸತ್ತ ತೋಳಿಗೆ ಎಣ್ಣೆ ತಿಕ್ಕುತ್ತ ಕಾರ್ಖಾನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಉಳಿದ ದಿನಗಳಲ್ಲಿ ಇವನಿಗೆ ನಾಲ್ಕು ಗೋಡೆ, ಮಧ್ಯಾಹ್ನ ಊಟ ಹಾಕಿ ಹೋಗುವ ಪಕ್ಕದ ಮನೆಯಾಕೆ, ಅಷ್ಟೇ. ಹೆಂಡತಿ ತಲೆಯ ಮೇಲೆ ಕೈಹೊತ್ತು ಮೆಟ್ಟಿಲಲ್ಲಿ ಕೂತದ್ದನ್ನು ಸ್ವಲ್ಪ ಹೊತ್ತು ನೋಡಿದ. ಎಡಗೈಯಲ್ಲಿ ನೀರಿನ ತಂಬಿಗೆ ಹಿಡಿದು, ಗೋಡೆಗೆ ಭುಜ ಕೊಟ್ಟು, ಕಾಲೆಳೆಯುತ್ತ ಹೊರಗೆ ಬಂದ. ಯಾರೂ ತಡೆಯುವ ಮೊದಲೇ ತೆರೆದ ಬಾನೆಟ್ಟಿನೊಳಗೆ, ಇನ್ನೂ ಓಡುತ್ತಿದ್ದ ಇಂಜಿನ್ನಿನ ಮೇಲೆ ನೀರು ಸುರಿದ.

ಇಂಜಿನ್ ಗಡಗಡ ನಡುಗಿ ನಿಂತುಹೋಯಿತು.

"ನಿಮಗೇನು ಬಂದಿದೆ?" ಹೆಂಡತಿಯ ದನಿ ಒಡೆಯಿತು. "ನಾನು ಎಷ್ಟು ಅಂತ ನೋಡ್ಕೊಳ್ಳಲಿ?"

ಅವನು ವಯರುಗಳ ಕಡೆ ಬೆರಳು ಮಾಡಿದ. "ಬಾಗಿಲು. ಬಾಗಿಲು." ಗಲ್ಲದ ಮೇಲೆ ಜೊಲ್ಲು ಇಳಿಯಿತು.

ಮೆಕ್ಯಾನಿಕ್ ನಗಲಿಲ್ಲ. "ಅಕ್ಕ, ಒಂದು ಕಂಬಳಿ ತನ್ನಿ," ಎಂದ. ಕಂಬಳಿ ಹೊದ್ದು ಇಂಜಿನ್ ಮೇಲೆ ಬಗ್ಗಿ, ಕೀಲಿ ತಿರುಗಿಸಲು ಹೇಳಿದ. ಕತ್ತಲಲ್ಲಿ ವಯರಿನ ಉದ್ದಕ್ಕೂ ನೀಲಿ ಕಿಡಿಗಳು ಚಿಟಚಿಟ ಹಾರಿದವು. ತಲೆ ಹೊರಗೆ ತೆಗೆದವನು ಇವನ ಕಡೆ ತಿರುಗಿದ.

"ಒಣಗಿದಾಗ ಬಂದು ನೋಡಿದ್ರೆ ನನಗೆಲ್ಲಿ ಕಾಣ್ಬೇಕು, ಗುರುಗಳೇ," ಎಂದ.

ಸಂಜೆಯೊಳಗೆ ಹೊಸ ವಯರು ಹಾಕಿಹೋದ.

ರಾತ್ರಿ ಹಿಡಿದ ಮಳೆ ಮರುದಿನ ಬೆಳಗಾದರೂ ಪೂರ್ತಿ ಬಿಟ್ಟಿರಲಿಲ್ಲ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹೆಂಡತಿ ಓಡಿಬಂದು ಅವನ ತಲೆ ಸವರಿದಳು, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದಳು, "ಆರಕ್ಕೆ ಬಂದುಬಿಡ್ತೀನಿ," ಎಂದು ಹೊರಟೇಬಿಟ್ಟಳು. ಸದ್ದು ತಿರುವಿನಲ್ಲಿ ಕರಗುವವರೆಗೂ ಅವನು ಕೇಳಿದ. ಒಂದು ಸಲವೂ ತಪ್ಪು ಬಡಿತವಿಲ್ಲ.

ಅಂಗಳದಲ್ಲಿ ಕಾರು ನಿಂತಿದ್ದಷ್ಟು ಜಾಗ ಒಣಗಿ ಬೆಳ್ಳಗೆ ಉಳಿದಿತ್ತು. ಅದರ ಮೇಲೆ ಒಂದು ಹನಿ ಬಿತ್ತು, ಆಮೇಲೆ ಇನ್ನೊಂದು.